ಮರೆಹೆಸರಿನ ಆಟ, ಮೌನದ ಸಭೆ

ಈಚಿನ ದಿನಗಳಲ್ಲಿ ನಾಲ್ಕು ಜನ ಹಿರಿಯರು ಕೂಡಿದಲ್ಲೆಲ್ಲ, ಅದು ಮದುವೆಯ ಹಂದರವಾಗಲಿ, ನಿವೃತ್ತರು ಸಂಜೆ ಕೂಡ್ರುವ ಕಟ್ಟೆಯಾಗಲಿ, ಒಂದು ಮಾತು ತಪ್ಪದೆ ಕೇಳಿಬರುತ್ತಿದೆ. ಅಂತರಜಾಲದಲ್ಲಿ ನಡೆಯುವ ನಿಂದೆ, ಬೆದರಿಕೆ, ಹೆಣ್ಣುಮಕ್ಕಳ ಮಾನಹಾನಿ ಇವೆಲ್ಲಕ್ಕೂ ಹೆಸರು ಮರೆಸಿಕೊಂಡು ಮಾತನಾಡುವ ಸೌಕರ್ಯವೇ ಮೂಲವೆಂದೂ, ಪ್ರತಿಯೊಬ್ಬನೂ ತನ್ನ ನಿಜನಾಮವನ್ನೂ ಗುರುತಿನ ಚೀಟಿಯ ಸಂಖ್ಯೆಯನ್ನೂ ಕೊಟ್ಟಲ್ಲದೆ ಅಲ್ಲಿ ಬಾಯಿ ತೆರೆಯಕೂಡದೆಂದು ಸರಕಾರವು ಕಟ್ಟಪ್ಪಣೆ ಮಾಡಿದರೆ ಎಲ್ಲವೂ ನೆಟ್ಟಗಾಗುವುದೆಂದೂ ಹೇಳುವ ಮಾತದು. ಕೇಳುವುದಕ್ಕೆ ಯುಕ್ತವಾಗಿಯೇ ತೋರುತ್ತದೆ. ಹಗಲಿನಲ್ಲಿ ಮುಖ ತೋರಿಸಿ ಆಡಲಾಗದ ಮಾತನ್ನು ಕತ್ತಲಲ್ಲಿ ನಿಂತವನು ಆಡುತ್ತಾನೆಂಬುದು ಯಾರಿಗೆ ತಿಳಿಯದು? ಆದರೂ ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ. ಅದನ್ನು ವಾಚಕರ ಮುಂದಿಡಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವೂ ಕಾರಣವಾಯಿತು. ಅದನ್ನು ಸ್ವಲ್ಪ ತಡೆದು ಹೇಳುವೆವು.

ಹೆಸರೆಂಬುದು ನಮ್ಮ ನಾಡಿನಲ್ಲಿ ಬರಿಯ ಕರೆಯುವ ಶಬ್ದವಲ್ಲ. ನಾವು ಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ ಕಾಲದಲ್ಲಿ, ಹೊಸದಾಗಿ ಬಂದ ಹುಡುಗನು ದಾಖಲೆ ಪುಸ್ತಕದಲ್ಲಿ ತನ್ನ ಹೆಸರನ್ನೂ ಅಡ್ಡಹೆಸರನ್ನೂ ಊರನ್ನೂ ಬರೆದನೆಂದರೆ, ಅವನ ಮನೆಯಲ್ಲಿ ಎಷ್ಟು ಎತ್ತುಗಳಿವೆ ಎಂಬವರೆಗೆ ಉಳಿದ ಹುಡುಗರು ಸಂಜೆಯೊಳಗೆ ಲೆಕ್ಕ ಹಾಕಿಬಿಡುತ್ತಿದ್ದರು. ಹೆಸರಿನಿಂದ ಮನೆತನ ತಿಳಿಯುತ್ತದೆ, ಜಾತಿ ತಿಳಿಯುತ್ತದೆ, ಹೆಣ್ಣೋ ಗಂಡೋ ತಿಳಿಯುತ್ತದೆ. ಮನೆತನ ದೊಡ್ಡದಿದ್ದವನಿಗೆ ಹೆಸರು ಹೇಳುವುದೇ ಒಂದು ಬಲ. ಇಲ್ಲದವನಿಗೆ ಅದೇ ಒಂದು ಅಂಜಿಕೆ. ಅಂತರಜಾಲವು ಮನುಷ್ಯನಿಗೆ ಕೊಟ್ಟ ಹೊಸ ಅನುಕೂಲವೆಂದರೆ, ಈ ಗಂಟನ್ನು ಹೊಸ್ತಿಲಲ್ಲಿ ಇಳಿಸಿ, ತಾನೇ ಇಟ್ಟುಕೊಂಡ ಹೆಸರಿನಿಂದ ಒಳಗೆ ಹೋಗಬಹುದಾದದ್ದು. ಆ ಅನುಕೂಲದಿಂದ ಏನೇನು ಆಗಬಹುದೆಂಬುದು ಮೊಟ್ಟಮೊದಲು ಸ್ಪಷ್ಟವಾಗಿ ಕಂಡುಬಂದ ಪ್ರಕರಣಗಳಲ್ಲೊಂದು ನಡೆದದ್ದು ಅಮೆರಿಕದಲ್ಲಿ, 1993ರ ಮಾರ್ಚ್ ತಿಂಗಳಿನಲ್ಲಿ.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಎಂಬ ಗಣಕವಿಜ್ಞಾನಿಯೊಬ್ಬರಿದ್ದರು. ಅವರು ಒಂದು ಮನೆಯನ್ನು ಕಟ್ಟಿದ್ದರು. ಇಟ್ಟಿಗೆ, ಗಾರೆಗಳಿಂದಲ್ಲ, ಕೇವಲ ಅಕ್ಷರಗಳಿಂದ. ಗಣಕಯಂತ್ರದ ಮುಂದೆ ಕುಳಿತವನು ದೂರವಾಣಿಯ ತಂತಿಯ ಮೂಲಕ ಈ ಮನೆಯನ್ನು ಹೊಕ್ಕರೆ, ನಡುಮನೆಯ ವರ್ಣನೆ ಪರದೆಯ ಮೇಲೆ ಮೂಡುವುದು. ಅಲ್ಲಿರುವ ಉಳಿದವರು ಏನು ಹೇಳುತ್ತಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದೂ ಬರಹದಲ್ಲಿಯೇ ಕಾಣುವುದು. ಲ್ಯಾಂಬ್ಡಾಮೂ ಎಂಬುದು ಇದರ ಹೆಸರು. ಅರ್ಧ ಆಟ, ಅರ್ಧ ಊರು. ಅಲ್ಲಿಗೆ ಬರುವವರೆಲ್ಲ ತಮಗೆ ತಾವೇ ಇಟ್ಟುಕೊಂಡ ಹೆಸರಿನವರು, ತಾವೇ ಬರೆದುಕೊಂಡ ರೂಪದವರು. ಒಂದು ರಾತ್ರಿ ಮಿಸ್ಟರ್ ಬಂಗಲ್ ಎಂಬ ಹೆಸರಿನವನೊಬ್ಬನು ಮಾಟದ ಗೊಂಬೆಯೆಂಬ ಒಂದು ಉಪಾಯವನ್ನು ಬಳಸಿದನು. ಅದರಿಂದ ಬೇರೊಬ್ಬರ ಪಾತ್ರವು ಅವರ ಇಚ್ಛೆಯಿಲ್ಲದೆ ಏನನ್ನಾದರೂ ಮಾಡುತ್ತಿರುವಂತೆ ಎಲ್ಲರ ಪರದೆಯ ಮೇಲೆ ಬರಹ ಮೂಡಿಸಬಹುದು. ತುಂಬಿದ ನಡುಮನೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಅವನು ಕೆಲವರ ಮೇಲೆ ನಡೆಸಿದ ಅಕ್ಷರರೂಪದ ಅತ್ಯಾಚಾರವನ್ನು ಇಲ್ಲಿ ವಿವರಿಸುವುದು ಉಚಿತವಲ್ಲ. ಅವರಲ್ಲಿ ಒಬ್ಬರು ಸಿಯಾಟಲ್ ನಗರದ ಹೆಣ್ಣುಮಗಳು. ಮರುದಿನ ಅದನ್ನು ಕುರಿತು ಬರೆಯುವಾಗ ತಮಗೆ ಕಣ್ಣೀರು ತಡೆಯಲಾಗಲಿಲ್ಲವೆಂದು ಅವರು ಆಮೇಲೆ ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತರಿಗೆ ಹೇಳಿದರು. ಡಿಬೆಲ್ ಅವರ ಲೇಖನವು ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು.

ಮೈಗೆ ಮುಟ್ಟದ, ಬರಿಯ ಅಕ್ಷರದ ಏಟಿಗೆ ಅಳುವುದೇಕೆ ಎಂದು ಕೆಲವರು ಕೇಳಬಹುದು. ಶಬ್ದವು ಬರಿಯ ಗಾಳಿಯೆಂದು ಬಗೆದವರಿಗೆ ಉತ್ತರ ಹೇಳುವುದು ನಮ್ಮಿಂದಾಗದು. ಜೀವನವೆಲ್ಲ ಶಬ್ದದ ಅರ್ಥವನ್ನೇ ಬೋಧಿಸಿ ಅನ್ನ ಉಂಡವರು ನಾವು.

ಮುಂದೆ ನಡೆದದ್ದು ಇನ್ನೂ ವಿಚಾರಾರ್ಹ. ಮೂರನೆಯ ದಿನ ಸಂಜೆ ಆ ಅಕ್ಷರದ ಮನೆಯಲ್ಲಿ ಒಂದು ಸಭೆ ಸೇರಿತು. ತಾಸುಗಟ್ಟಲೆ ಚರ್ಚೆಯಾಯಿತು. ಬಂಗಲನೂ ಬಂದನು. ಹೀಗೇಕೆ ಮಾಡಿದೆಯೆಂದು ಕೇಳಿದ್ದಕ್ಕೆ, ಅದೊಂದು ಮಾನಸಿಕ ಪ್ರಯೋಗ, ತನ್ನ ನಿಜಜೀವನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಉತ್ತರ ಕೊಟ್ಟನು. ಸಭೆಯು ತೀರ್ಮಾನವಿಲ್ಲದೆ ಮುಗಿಯಿತು. ಅನಂತರ ಆ ಮನೆಯ ಮೇಲ್ವಿಚಾರಕರಲ್ಲಿ ಒಬ್ಬನು ತನ್ನ ಹೊಣೆಯ ಮೇಲೆ ಬಂಗಲನ ಪಾತ್ರವನ್ನು ಅಳಿಸಿಹಾಕಿದನು. ಅವರ ಪರಿಭಾಷೆಯಲ್ಲಿ ಇದಕ್ಕೆ ಕಪ್ಪೆಯಾಗಿಸುವುದೆನ್ನುತ್ತಾರೆ. ನಮ್ಮ ಪುರಾಣಗಳ ಋಷಿಶಾಪವು ಗಣಕಯಂತ್ರಕ್ಕೂ ತಪ್ಪಲಿಲ್ಲವೆನ್ನಬೇಕು! ಪ್ರವಾಸದಿಂದ ಹಿಂತಿರುಗಿದ ಕರ್ಟಿಸರು, ಇನ್ನು ಮುಂದೆ ನಿವಾಸಿಗಳೇ ಮನವಿ ಸಲ್ಲಿಸಿ ಮತ ಹಾಕಿ ತಮ್ಮ ಕಟ್ಟಳೆಗಳನ್ನು ಮಾಡಿಕೊಳ್ಳಬೇಕೆಂದು ಏರ್ಪಾಡು ಮಾಡಿದರು. ಗಮನಿಸಬೇಕಾದದ್ದು ಇಷ್ಟೇ. ಅಲ್ಲಿ ಯಾರೂ ಯಾರ ನಿಜನಾಮವನ್ನೂ ಕೇಳಲಿಲ್ಲ. ಕೆಟ್ಟವನೂ ಮರೆಹೆಸರಿನವನು, ನೊಂದವರೂ ಮರೆಹೆಸರಿನವರು, ಸಭೆ ಸೇರಿದವರೂ ಮರೆಹೆಸರಿನವರು. ಆದರೂ ಒಂದು ಸಭೆ ಸೇರಿತು, ನೊಂದವಳ ಮಾತನ್ನು ಕೇಳಿತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಭಾರತದ ವಿರಾಟಪರ್ವ. ಪಾಂಡವರ ಅಜ್ಞಾತವಾಸವೆಂದರೆ ಮರೆಹೆಸರಿನ ವಾಸವೇ ಅಲ್ಲವೇ? ಹೆಸರು ಹೊರಬಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ಅವರಿಗೆ ಮರೆಹೆಸರು ರಕ್ಷಣೆ. ದ್ರೌಪದಿಯು ಸೈರಂಧ್ರಿ, ಯುಧಿಷ್ಠಿರನು ಕಂಕನೆಂಬ ಹೆಸರಿನಿಂದ ವಿರಾಟನೊಡನೆ ಪಗಡೆಯಾಡುತ್ತ ಕುಳಿತವನು. ಕೀಚಕನೋ, ತನ್ನ ಹೆಸರನ್ನು ಎಲ್ಲರೂ ಬಲ್ಲವನು, ರಾಣಿಯ ಒಡಹುಟ್ಟಿದವನು, ಸೇನಾಪತಿ. ಹೆಸರಿದ್ದುದರಿಂದ ಅವನಿಗೆ ಲಜ್ಜೆ ಬರಲಿಲ್ಲ, ಧೈರ್ಯ ಬಂದಿತು. ಅವನು ಆಕೆಯನ್ನು ಅಟ್ಟಿಸಿಕೊಂಡು ಬಂದು ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಅರಸನು ಸುಮ್ಮನಿರುತ್ತಾನೆ. ಕಂಕನು, ಗುಟ್ಟು ಹೊರಬಿದ್ದೀತೆಂಬ ಭಯದಿಂದ, ಆಟಕ್ಕೆ ವಿಘ್ನವಾಗುತ್ತಿದೆ, ಒಳಗೆ ಹೋಗೆಂದು ಆಕೆಗೇ ಹೇಳಿ ಕಳುಹಿಸುತ್ತಾನೆ. ಪಾಠಶಾಲೆಯಲ್ಲಿ ಈ ಭಾಗ ಬಂದಾಗ ನಮ್ಮ ಗುರುಗಳು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಮಾತನಾಡುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಪ್ರಸಂಗ. ಕಳೆದ ದಸರೆಯ ಸೂಟಿಯಲ್ಲಿ ಮಗಳ ಮಕ್ಕಳಿಬ್ಬರೂ ಧಾರವಾಡದ ನಮ್ಮ ಮನೆಗೆ ಬಂದಿದ್ದರು. ಹುಡುಗನು ಇಂಜಿನಿಯರಿಂಗ್ ಕಲಿಯುತ್ತಾನೆ. ಹುಡುಗಿಗೆ ಪಿಯುಸಿ ಎರಡನೆಯ ವರ್ಷ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮೊಬೈಲಿನಲ್ಲಿ ಆಟಕ್ಕೆ ಕೂಡ್ರುವರು. ನಾಲ್ವರು ಒಂದು ತಂಡವಾಗಿ ನಡುಗಡ್ಡೆಯೊಂದಕ್ಕೆ ಇಳಿದು, ಉಳಿದ ತಂಡಗಳೊಡನೆ ಹೋರಾಡುವ ಆಟವಂತೆ. ಹುಡುಗನು ಕಿವಿಗೆ ಸಾಧನ ಸಿಕ್ಕಿಸಿಕೊಂಡು ಕಾಣದ ಗೆಳೆಯರೊಡನೆ ಒಂದೇ ಸಮನೆ ಕೂಗಾಡುತ್ತಿದ್ದರೆ, ಹುಡುಗಿಯು ತುಟಿ ಬಿಗಿದು ಆಡುತ್ತಿದ್ದಳು. ಅವಳು ಆಟದಲ್ಲಿ ಅಣ್ಣನಿಗಿಂತ ಚುರುಕೆಂದು ಅವನೇ ಒಪ್ಪಿದ್ದನು. ಹಾಗಿದ್ದರೂ ನೀನೇಕೆ ಮಾತನಾಡುವುದಿಲ್ಲವೆಂದು ಕೇಳಿದೆವು.

"ಅಜ್ಜಾ, ನನ್ನ ಧ್ವನಿ ಕೇಳಿದ ಕೂಡಲೇ ಅವರ ಆಟ ಬ್ಯಾರೆ ಆಗತದ," ಎಂದಳು.

ತಿಳಿದುಬಂದದ್ದು ಹೀಗೆ. ಮೊದಲು ಅವಳು ತನ್ನ ಹೆಸರಿನಿಂದಲೇ ಆಡುತ್ತಿದ್ದಳು. ಒಮ್ಮೆ ತಂಡದವನೊಬ್ಬನಿಗೆ ಹಿಂದಿನಿಂದ ಶತ್ರು ಬರುತ್ತಿದ್ದಾನೆಂದು ಎಚ್ಚರಿಸಲು ಕೂಗಿದಳು. ಹೆಣ್ಣುಧ್ವನಿಯೆಂದು ತಿಳಿದೊಡನೆ ಮೊದಲು ನಗೆ. ಆಮೇಲೆ ರೊಟ್ಟಿ ಬಡಿ ಹೋಗೆಂಬ ಹಾಸ್ಯ. ಆಮೇಲೆ ನಾವು ಇಲ್ಲಿ ಬರೆಯಲಾಗದ ಮಾತುಗಳು. ಅಷ್ಟಕ್ಕೇ ನಿಲ್ಲದೆ ಅವರಲ್ಲೊಬ್ಬನು ಅವಳ ಹೆಸರನ್ನು ಹಿಡಿದು ಬೇರೆಡೆಯಿಂದ ಅವಳ ಭಾವಚಿತ್ರವನ್ನು ಹುಡುಕಿ ತೆಗೆದು, ನಾಲ್ಕಾರು ಜನರಿಗೆ ಹಂಚಿದನು. ಅಂದಿನಿಂದ ಅವಳು ಗಂಡುಹೆಸರೊಂದನ್ನು ಇಟ್ಟುಕೊಂಡು ಮೂಕಿಯಾಗಿ ಆಡತೊಡಗಿದಳು.

ಈ ಸಂಗತಿ ಅಳಿಯಂದಿರ ಕಿವಿಗೆ ಬಿದ್ದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಮಗಳ ಕೈಯಿಂದ ಮೊಬೈಲು ಕಸಿದುಕೊಂಡದ್ದು. ಅವರು ಕೆಟ್ಟವರಲ್ಲ, ಹೆಣ್ಣುಮಗುವಿನ ಮೇಲಿನ ಮಮತೆಯಿಂದಲೇ ಹಾಗೆ ಮಾಡಿದರು. ಮಗಳೂ "ಹುಡುಗಿಗೆ ಯಾಕ ಬೇಕು ಇದೆಲ್ಲಾ?" ಎಂದಳು. ಹುಡುಗನ ಮೊಬೈಲನ್ನು ಯಾರೂ ಮುಟ್ಟಲಿಲ್ಲ. ಮುಟ್ಟಬೇಕೆಂದು ಯಾರಿಗೂ ತೋಚಲೂ ಇಲ್ಲ. ಹಿರಿಯರೆಂದು ನಮ್ಮ ಅಭಿಪ್ರಾಯ ಕೇಳಿದರು. ನಾವು ಹುಡುಗನ ಕಡೆಗೆ ತಿರುಗಿ, ಆ ಹೊತ್ತಿನಲ್ಲಿ ನೀನೆಲ್ಲಿದ್ದೆ ಎಂದು ಕೇಳಿದೆವು.

"ಅಲ್ಲೇ ಇದ್ದೆ ಅಜ್ಜಾ, ಅದೇ ತಂಡದಾಗ. ನಡುವ ಬಾಯಿ ಹಾಕಿದ್ರ ಆಟ ಕೆಡತಿತ್ತು," ಎಂದನು.

ನಡುಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹುಡುಗಿಗೆ ಅವಳ ಮೊಬೈಲನ್ನು ಹಿಂತಿರುಗಿಸಬೇಕೆಂದೂ, ಪ್ರಶ್ನೆ ಕೇಳಬೇಕಾದದ್ದು ಅವಳನ್ನಲ್ಲವೆಂದೂ ಅಳಿಯಂದಿರಿಗೆ ಹೇಳಿದೆವು. ಅವರಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಮಾತು ನಡೆಯಿತು.

ಆ ಎರಡು ದಿನಗಳಲ್ಲಿ ನಾವು ಅವರ ಮುಂದಿಟ್ಟ ಒಂದು ಲೆಕ್ಕವನ್ನು ಇಲ್ಲಿಯೂ ಕೊಡುವೆವು. ಕೇಂದ್ರ ಸರಕಾರವು 2019ರಿಂದ 2021ರವರೆಗೆ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಅಂತರಜಾಲ ಬಳಸಿದ ಗಂಡಸರು ನೂರಕ್ಕೆ 57 ಇದ್ದರೆ ಹೆಂಗಸರು 33 ಮಾತ್ರ. ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ 54. ಈ ಅಂತರವು ಬಡತನದಿಂದ ಮಾತ್ರ ಆದದ್ದಲ್ಲ. ಒಂದೇ ಸೂರಿನ ಕೆಳಗೆ ಅಣ್ಣನ ಕೈಯಲ್ಲಿ ಉಳಿದು ತಂಗಿಯ ಕೈಯಿಂದ ಹೋದ ಮೊಬೈಲುಗಳೂ ಅದರಲ್ಲಿ ಸೇರಿವೆ. ಇಂದು ಶಿಷ್ಯವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಾಠದ ಟಿಪ್ಪಣಿ ಎಲ್ಲವೂ ಅದರಲ್ಲಿಯೇ ಬರುವಾಗ, ಆಟವನ್ನು ಬಿಡಿಸಲು ಹೋಗಿ ನಾವು ಕಸಿಯುವುದು ಬರಿಯ ಆಟವನ್ನಲ್ಲ. ಇಷ್ಟಕ್ಕೂ ಆಟವನ್ನಾದರೂ ಅವಳೇಕೆ ಬಿಡಬೇಕು?

ಮತ್ತೆ ನಿಜನಾಮದ ವಿಚಾರಕ್ಕೆ ಬರೋಣ. ನಮ್ಮ ಕಟ್ಟೆಯ ಹಿರಿಯರು ಹೇಳುವ ಔಷಧವನ್ನು ಲೋಕವು ಆಗಲೇ ಪ್ರಯೋಗಿಸಿ ನೋಡಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಜಗತ್ಪ್ರಸಿದ್ಧ ಆಟದ ಒಡೆತನದ ಅಮೆರಿಕದ ಬ್ಲಿಜಾರ್ಡ್ ಕಂಪನಿಯು 2010ರ ಜುಲೈ 6ರಂದು, ತನ್ನ ಚರ್ಚಾಕಟ್ಟೆಯಲ್ಲಿ ಬರೆಯುವ ಆಟಗಾರರೆಲ್ಲರ ನಿಜನಾಮವೂ ಇನ್ನು ಮುಂದೆ ಕಾಣುವುದೆಂದು ಸಾರಿತು. ಇದರಲ್ಲಿ ಅಂಜುವುದೇನೂ ಇಲ್ಲವೆಂದು ತೋರಿಸಲು ಆ ಕಂಪನಿಯ ನೌಕರನೊಬ್ಬನು ತನ್ನ ಹೆಸರನ್ನು ಅಲ್ಲಿ ಬರೆದನು. ಬರೆದ ಸ್ವಲ್ಪ ಹೊತ್ತಿನೊಳಗೆ ಜನರು ಅವನ ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಹುಡುಕಿ ತೆಗೆದು ಎಲ್ಲರ ಮುಂದೆ ಹರಡಿದರು. ಹೆಂಗಸರಾದ ಆಟಗಾರರು, ತಮ್ಮ ಗತಿ ಏನಾದೀತೆಂದು ಕೇಳಿದರು. ಜುಲೈ 9ರಂದು ಕಂಪನಿಯ ಮುಖ್ಯಸ್ಥರು ಆ ಯೋಜನೆಯನ್ನು ಹಿಂತೆಗೆದುಕೊಂಡರು. ಮೂರೇ ದಿನ!

ದಕ್ಷಿಣ ಕೊರಿಯಾ ದೇಶವಂತೂ ಕಾನೂನನ್ನೇ ಮಾಡಿತು. 2007ರಿಂದ ಅಲ್ಲಿಯ ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕಾದವರು ತಮ್ಮ ಗುರುತನ್ನು ದೃಢಪಡಿಸಿಕೊಳ್ಳಬೇಕಾಯಿತು. ಅದಕ್ಕೆ ಬಳಕೆಯಾದದ್ದು ನಮ್ಮ ಆಧಾರ್ ಸಂಖ್ಯೆಯನ್ನು ಹೋಲುವ ನಿವಾಸಿ ಸಂಖ್ಯೆ. ಹೀಗೆ ಜನರ ಹೆಸರು ಸಂಖ್ಯೆಗಳೆಲ್ಲ ಕಂಪನಿಗಳ ಉಗ್ರಾಣದಲ್ಲಿ ರಾಶಿಬಿದ್ದವು. 2011ರ ಜುಲೈನಲ್ಲಿ ಅಂಥ ಒಂದು ಉಗ್ರಾಣಕ್ಕೆ ಕನ್ನ ಬಿದ್ದು ಸುಮಾರು 3.5 ಕೋಟಿ ಜನರ ವಿವರಗಳು ಕಳ್ಳರ ಪಾಲಾದವು. ದೇಶದ ಜನಸಂಖ್ಯೆಯೇ ಆಗ ಸುಮಾರು 5 ಕೋಟಿ. 2012ರ ಆಗಸ್ಟ್ 23ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು, ಈ ಕಾನೂನಿನಿಂದ ದುಷ್ಟ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾದುದು ಕಂಡುಬಂದಿಲ್ಲವೆಂದು ತಿಳಿಸಿ, ನ್ಯಾಯಮೂರ್ತಿಗಳೆಲ್ಲರ ಒಮ್ಮತದಿಂದ ಅದನ್ನು ರದ್ದುಪಡಿಸಿತು.

ಹೆಸರಿದ್ದ ಮಾತ್ರಕ್ಕೆ ನಾಲಿಗೆ ಶುದ್ಧವಾಗುವುದಿಲ್ಲವೆಂಬುದಕ್ಕೆ 2014ರ ಗೇಮರ್‌ಗೇಟ್ ಪ್ರಕರಣವೇ ಸಾಕ್ಷಿ. ಅಮೆರಿಕದ ಆಟ ರಚಿಸುವವರೊಬ್ಬರ ಮೇಲೆ ಅವರ ಹಿಂದಿನ ಸಂಗಾತಿಯು ಬರೆದ ದೀರ್ಘವಾದ ದೂಷಣೆಯಿಂದ ಅದು ಆ ವರ್ಷದ ಆಗಸ್ಟಿನಲ್ಲಿ ಹುಟ್ಟಿತು. ಅದನ್ನು ಅವನು ಬರೆದದ್ದು ಸ್ವಂತ ಹೆಸರಿನಿಂದ. ಆ ಕಿಡಿಯನ್ನು ಹಿಡಿದು ಸಾವಿರಾರು ಜನರು, ಕೆಲವರು ಹೆಸರಿದ್ದವರು, ಹಲವರು ಇಲ್ಲದವರು, ಆಟಗಳ ಲೋಕದಲ್ಲಿ ದುಡಿಯುವ, ಬರೆಯುವ ಹೆಂಗಸರ ಮೇಲೆ ತಿಂಗಳುಗಟ್ಟಲೆ ಎರಗಿದರು. ಆಟಗಳಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸುತ್ತಾರೆಂಬುದನ್ನು ವಿಮರ್ಶಿಸುತ್ತಿದ್ದ ಅನಿತಾ ಸರ್ಕೀಸಿಯನ್ ಎಂಬುವರು ಅಕ್ಟೋಬರಿನಲ್ಲಿ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಉಪನ್ಯಾಸ ಕೊಡಬೇಕಾಗಿತ್ತು. ಕೊಟ್ಟರೆ ಸಭಿಕರನ್ನೆಲ್ಲ ಗುಂಡಿಕ್ಕಿ ಕೊಲ್ಲುವುದಾಗಿ ಬೆದರಿಕೆ ಬಂದಿತು. ಆ ರಾಜ್ಯದ ಕಾನೂನಿನ ಪ್ರಕಾರ ಪರವಾನಗಿಯಿದ್ದವರು ಬಂದೂಕಿನೊಡನೆ ಒಳಬರುವುದನ್ನು ತಡೆಯಲಾಗದೆಂದು ತಿಳಿದ ಮೇಲೆ ಅವರು ಉಪನ್ಯಾಸವನ್ನು ರದ್ದು ಮಾಡಿದರು.

ನಮ್ಮ ದೇಶವೂ ಇದರಿಂದ ಹೊರತಲ್ಲ. 2021ರ ಜುಲೈನಲ್ಲಿ ಯಾರೋ ಒಂದು ಆ್ಯಪನ್ನು ರಚಿಸಿ ಹತ್ತಾರು ಮುಸ್ಲಿಂ ಮಹಿಳೆಯರ ಭಾವಚಿತ್ರಗಳನ್ನು ಹಾಕಿ, ಅವರನ್ನು ಹರಾಜಿಗೆ ಇಟ್ಟಿರುವ ಹಾಗೆ ಆಟವಾಡಿದರು. ಆ ಮಹಿಳೆಯರೆಲ್ಲ ತಮ್ಮ ಸ್ವಂತ ಹೆಸರು, ಮುಖಗಳಿಂದ ಬರೆಯುತ್ತಿದ್ದವರು, ಪತ್ರಕರ್ತೆಯರು, ವಿದ್ಯಾವಂತೆಯರು. ದೂರುಗಳು ದಾಖಲಾದವು, ಆರು ತಿಂಗಳು ಯಾರ ಬಂಧನವೂ ಆಗಲಿಲ್ಲ. 2022ರ ಜನವರಿ 1ರಂದು ಅಂಥದೇ ಎರಡನೆಯ ಆ್ಯಪ್ ಬಂದಿತು, ಈ ಸಲ ನೂರಕ್ಕೂ ಹೆಚ್ಚು ಮಹಿಳೆಯರು. ಅದನ್ನು ಹರಡಿದವರು ಕೆಲವು ಕಡೆ ಸಿಖ್ಖರ ಹೆಸರುಗಳನ್ನು ಎರವಲು ಪಡೆದಿದ್ದರು. ಮುಂಬಯಿ ಪೊಲೀಸರು ಕೈಹಾಕಿದೊಡನೆ ಕೆಲವೇ ದಿನಗಳಲ್ಲಿ ಮರೆಹೆಸರುಗಳ ಹಿಂದಿದ್ದವರು ಸಿಕ್ಕರು. ಮೊದಲು ಬಂಧಿಸಲ್ಪಟ್ಟವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ಹುಡುಗ. ಉತ್ತರಾಖಂಡದಲ್ಲಿ ಸಿಕ್ಕವಳು 18 ವರ್ಷದ ಹುಡುಗಿ. ಮೊದಲನೆಯ ಆ್ಯಪಿಗೆ ಸಂಬಂಧಿಸಿದ ಬಂಧನವೂ ಆಗಲೇ, ಆ ಜನವರಿಯಲ್ಲಿಯೇ ಆಯಿತು. ಅಂದ ಮೇಲೆ, ಹುಡುಕಿದರೆ ಹೆಸರು ಸಿಗುತ್ತದೆ. ಜುಲೈನಲ್ಲಿ ಕೊರತೆಯಾಗಿದ್ದದ್ದು ಹೆಸರಲ್ಲ. ಹೆಣ್ಣನ್ನು ಜಾಲದಲ್ಲಿ ಹಿಂಬಾಲಿಸಿ ಕಾಡುವುದು 2013ರಿಂದ ನಮ್ಮ ದಂಡಸಂಹಿತೆಯಲ್ಲಿ ಅಪರಾಧವಾಗಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯ 78ನೆಯ ಕಲಮೂ ಅದನ್ನೇ ಹೇಳುತ್ತದೆ.

ಹಾಗಾದರೆ ಸಭೆಯ ಒಡೆಯರು? ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ಒಡೆಯರಾದ ರಯಟ್ ಗೇಮ್ಸ್ ಕಂಪನಿಯವರು 2011ರಲ್ಲಿ ಒಂದು ಒಳ್ಳೆಯ ಏರ್ಪಾಡು ಮಾಡಿದ್ದರು. ದೂರು ಬಂದವರ ಮಾತುಕತೆಯ ದಾಖಲೆಯನ್ನು ಉಳಿದ ಆಟಗಾರರೇ ಓದಿ, ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುವ ಒಂದು ನ್ಯಾಯಮಂಡಲಿ. ನಮ್ಮ ಊರ ಪಂಚಾಯತಿಯಂತೆಯೇ! 2014ರಲ್ಲಿ ಅದು ನಿಂತುಹೋಯಿತು. ಮುಂದೆ ಅದೇ ಕಂಪನಿಯ ಮೇಲೆ ಅದರ ಮಹಿಳಾ ನೌಕರರೇ ವೇತನದ, ನಡವಳಿಕೆಯ ಭೇದಭಾವದ ದಾವೆ ಹೂಡಿದರು. 2021ರ ಡಿಸೆಂಬರಿನಲ್ಲಿ ಕಂಪನಿಯು 10 ಕೋಟಿ ಡಾಲರುಗಳನ್ನು ಕೊಡಲು ಒಪ್ಪಿ ಅದನ್ನು ಬಗೆಹರಿಸಿಕೊಂಡಿತು. ಅಂಗಳದಲ್ಲಿ ಪಂಚಾಯತಿ ಕೂಡಿಸಿದವರ ಅಡುಗೆಮನೆಯಲ್ಲಿಯೇ ಹೊಗೆ ತುಂಬಿತ್ತೆಂದು ತೋರುತ್ತದೆ. ಆದರೂ ಆ ನ್ಯಾಯಮಂಡಲಿಯ ಕಲ್ಪನೆಯನ್ನು ನಾವು ಹೊಗಳುವೆವು. ನೋಡುತ್ತ ಕುಳಿತವರಿಗೂ ಒಂದು ಹೊಣೆ ಇದೆಯೆಂದು ಅದು ಹೇಳಿತ್ತು.

ಅಳಿಯಂದಿರು ಮೂರನೆಯ ದಿನ ಮೊಬೈಲನ್ನು ಮಗಳ ಕೈಗೆ ಕೊಟ್ಟರು. ಹುಡುಗನಿಗೆ ನಾವು ಏನೂ ಬೋಧಿಸಲಿಲ್ಲ. ಆ ದಿನದ ಆಟದ ದಾಖಲೆಯಲ್ಲಿ ಯಾರು ಯಾರು ಇದ್ದರು, ಏನು ಬರೆದಿದ್ದರು ಎಂಬುದನ್ನು ಕೂತು ತೆಗೆದುಕೊಡು ಎಂದೆವು. ಒಂದು ಮಧ್ಯಾಹ್ನವೆಲ್ಲ ಅದನ್ನೇ ಮಾಡಿದನು. ಬರೆದಿಡುವಾಗ ಆ ಮಾತುಗಳನ್ನು ಅವನು ಎರಡನೆಯ ಸಲ ಓದಬೇಕಾಯಿತು, ಮುಖ ಕೆಂಪಾಗಿತ್ತು. ಆಟದ ಕಂಪನಿಗೆ ದೂರು ಹೋಯಿತು. ನಿಮಿಷದೊಳಗೆ ಉತ್ತರ ಬಂದಿತು: ತಮ್ಮ ದೂರು ತಲುಪಿದೆ, ಪರಿಶೀಲಿಸಲಾಗುವುದು. ಕೆಳಗೆ ಯಾರ ಹೆಸರೂ ಇರಲಿಲ್ಲ. 2021ರ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಆಲಿಸುವ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹೆಸರನ್ನು ತಮ್ಮ ತಾಣದಲ್ಲಿ ಪ್ರಕಟಿಸಬೇಕು. ಆ ಹೆಸರನ್ನು ಮೊಮ್ಮಗಳೇ ಹುಡುಕಿ ತೆಗೆದಳು. ಪತ್ರವನ್ನು ನಾವು ಕನ್ನಡದಲ್ಲಿ ಬರೆದೆವು. ಅಣ್ಣ ತಂಗಿ ಇಬ್ಬರೂ ಸೇರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕೆಳಗೆ ನಮ್ಮ ಸಹಿ ಹಾಕಿದ್ದೇವೆ, ವಿಳಾಸವನ್ನೂ ಕೊಟ್ಟಿದ್ದೇವೆ. ಅವಳ ಹೆಸರನ್ನು ಬರೆದಿಲ್ಲ.